ಓದುಪೀಠದಿಂದ ಇಳಿದ ಪುಸ್ತಕಗಳು

ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಅಂದು ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ತೊಟ್ಟು ಬಂದಿರುತ್ತಾರೆ. ಅದೇ ದಿನ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮೊಂತಿ ಫೆಸ್ತ್. ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ.

ಮರಿಯಮ್ಮ ಹುಟ್ಟಿದ ಕತೆ ಬೈಬಲಿನಲ್ಲಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ, ನಾಲ್ವರಲ್ಲಿ ಒಬ್ಬರೂ ಅದನ್ನು ಹೇಳಿಲ್ಲ. ಅವಳ ತಂದೆ ಯೋವಾಕಿಮ್, ತಾಯಿ ಅನ್ನಮ್ಮ ಎಂಬ ಹೆಸರುಗಳೂ ಅಲ್ಲಿಲ್ಲ. ಅದೆಲ್ಲ ಬರುವುದು ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಹುಟ್ಟಿದ, ಯಾಕೋಬನ ಹೆಸರು ಹೊತ್ತ ಒಂದು ಸಣ್ಣ ಪುಸ್ತಕದಲ್ಲಿ. ಮಕ್ಕಳಿಲ್ಲದವನ ಕಾಣಿಕೆ ಮೊದಲು ಸಲ್ಲಬಾರದೆಂದು ದೇವಾಲಯದಲ್ಲಿ ಮಾತು ಕೇಳಿಸಿಕೊಂಡ ಯೋವಾಕಿಮ್ ಮನೆಗೆ ಹೋಗದೆ ಮರುಭೂಮಿಗೆ ನಡೆದುಬಿಡುತ್ತಾನೆ. ಇತ್ತ ಅನ್ನಮ್ಮ ತೋಟದಲ್ಲಿ ಮರದ ಕೆಳಗೆ ಕೂತು ತಲೆಯೆತ್ತಿದರೆ ಕೊಂಬೆಯಲ್ಲಿ ಗುಬ್ಬಿಯ ಗೂಡು. ಹಕ್ಕಿಗಿದೆ, ಮೃಗಕ್ಕಿದೆ, ನೀರಿಗೂ ನೆಲಕ್ಕೂ ಫಲವಿದೆ, ನನಗೊಬ್ಬಳಿಗೆ ಇಲ್ಲವೆಂದು ಅವಳು ಅಳುತ್ತಾಳೆ. ನಮ್ಮ ಗರತಿಯರ ಹಾಡುಗಳಲ್ಲಿ ಬಂಜೆಯೆನಿಸಿಕೊಂಡವಳ ಸಂಕಟ ಕೇಳಿ ಬೆಳೆದವರಿಗೆ ಈ ಅಳು ಹೊಸದಲ್ಲ. ಕೊನೆಗೆ ಮಗು ಹುಟ್ಟುತ್ತದೆ. ಮೂರು ವರ್ಷಕ್ಕೆ ದೇವಾಲಯಕ್ಕೆ ಒಪ್ಪಿಸಿದಾಗ ಆ ಪುಟ್ಟ ಹುಡುಗಿ ಬಲಿಪೀಠದ ಮೆಟ್ಟಿಲ ಮೇಲೆ ಕುಣಿಯುತ್ತಾಳೆ.

ಇಷ್ಟು ಚೆಲುವಾದ ಕತೆಗೆ ಬೈಬಲಿನೊಳಗೆ ಜಾಗ ಸಿಗಲಿಲ್ಲ, ಪಂಚಾಂಗದಲ್ಲಿ ಸಿಕ್ಕಿತು. ಕ್ರಿಸ್‌ಮಸ್‌ಗೆ ಮನೆಮನೆಯಲ್ಲಿ ಕಟ್ಟುವ ಗೋದಲಿಯೂ ಹಾಗೆಯೇ. ಮಗು ಯೇಸುವನ್ನು ಮಲಗಿಸಿದ ಮೇವಿನ ತೊಟ್ಟಿಯನ್ನು ಲೂಕ ಹೇಳುತ್ತಾನೆ. ಆದರೆ ಅದರ ಪಕ್ಕ ನಿಂತು ಮಗುವಿಗೆ ತಲೆಬಾಗುವ ಎತ್ತು, ಕತ್ತೆಗಳು ಲೂಕನಲ್ಲೂ ಇಲ್ಲ, ಮತ್ತಾಯನಲ್ಲೂ ಇಲ್ಲ. ಅವು ಯೆಶಾಯನ ಒಂದು ಪ್ರವಾದನೆಯ ಎಳೆ ಹಿಡಿದು ಮತ್ತಾಯನ ಹೆಸರಿನಲ್ಲಿ ಯಾರೋ ಬಹಳ ತಡವಾಗಿ ಬರೆದ, ಶಾಸ್ತ್ರಕ್ಕೆ ಸೇರದ ಕತೆಯೊಂದರಲ್ಲಿ ಬರುತ್ತವೆ. ಮೈಸೂರಿನ ಕ್ರೈಸ್ತ ಕೇರಿಗಳಲ್ಲಿ ಡಿಸೆಂಬರ್ ಬಂತೆಂದರೆ ಜೇಡಿಮಣ್ಣಿನ ಎತ್ತಿಲ್ಲದ ಗೋದಲಿಯನ್ನು ಯಾರೂ ಕಟ್ಟುವುದಿಲ್ಲ.

ನನ್ನನ್ನು ಬಹುಕಾಲದಿಂದ ಹಿಡಿದಿರುವ ಸೋಜಿಗ ಇದು. ಸಭೆಯಲ್ಲಿ ಓದುವುದು ಬೇಡವೆಂದು ಕೆಳಗಿಳಿಸಿದ ಪುಸ್ತಕದ ಕತೆಯನ್ನು ಜನ ಉಣ್ಣುತ್ತಿದ್ದಾರೆ, ಉಡುತ್ತಿದ್ದಾರೆ, ಮಣ್ಣಿನಲ್ಲಿ ಮಾಡಿ ಮನೆಯ ಮೂಲೆಯಲ್ಲಿ ಕೂರಿಸುತ್ತಿದ್ದಾರೆ. ಹಾಗಾದರೆ ಹೊರಗಿಟ್ಟಿದ್ದು ಏನನ್ನು? ಇಟ್ಟವರು ಯಾರು?

ಜನಪ್ರಿಯವಾದ ಉತ್ತರವೊಂದಿದೆ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನೆಲ್ಲ ಕೂಡಿಸಿ, ತನಗೆ ಬೇಕಾದ ಪುಸ್ತಕಗಳನ್ನು ಉಳಿಸಿ ಬೇಡವಾದವನ್ನು ಸುಡಿಸಿದ ಎಂದು ಕಾದಂಬರಿಗಳೂ ಸಿನಿಮಾಗಳೂ ಹೇಳುತ್ತವೆ. ಅದು ನಿಜವಲ್ಲ. ನೈಸಿಯಾದಲ್ಲಿ ಚರ್ಚೆಯಾದದ್ದು ಕ್ರಿಸ್ತನಿಗೂ ತಂದೆಯಾದ ದೇವರಿಗೂ ಇರುವ ಸಂಬಂಧ, ಈಸ್ಟರ್ ಹಬ್ಬದ ದಿನ, ಸಭೆಯ ಶಿಸ್ತು ಇಂಥವು. ಯಾವ ಪುಸ್ತಕ ಒಳಗೆ, ಯಾವುದು ಹೊರಗೆ ಎಂಬ ಪಟ್ಟಿಯನ್ನು ಅದು ಮಾಡಲಿಲ್ಲ. ನಡೆದದ್ದು ಇದಕ್ಕಿಂತ ನಿಧಾನವಾದ, ಮನುಷ್ಯರ ಕೈಯಳತೆಯ ಕೆಲಸ. ವಾರವಾರ ಒಂದು ಮನೆಯಲ್ಲೋ ಪಡಸಾಲೆಯಲ್ಲೋ ಸೇರಿದ ಸಣ್ಣ ಗುಂಪು. ಓದು ಬಲ್ಲವನೊಬ್ಬ ಎದ್ದು ನಿಂತು ಓದುತ್ತಾನೆ, ಉಳಿದವರು ಕೇಳುತ್ತಾರೆ. ಏನನ್ನು ಓದಬೇಕು ಎಂಬ ಪ್ರಶ್ನೆ ಮೊದಲು ಹುಟ್ಟಿದ್ದು ಅಲ್ಲಿ. ಹೀಗೆ ಕೇಳುತ್ತ, ಒಪ್ಪುತ್ತ, ಅನುಮಾನಿಸುತ್ತ ಸುಮಾರು 300 ವರ್ಷ ಕಳೆಯಿತು.

ಅದರೊಳಗಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಎರಡನೆಯ ಶತಮಾನದ ಕೊನೆ. ಅಂತಿಯೋಕ್ಯದ ಬಿಷಪ್ ಸೆರಾಪಿಯೊನ್ ಹತ್ತಿರದ ರೋಸಸ್ ಎಂಬ ಊರಿಗೆ ಹೋದಾಗ ಅಲ್ಲಿನವರು ಪೇತ್ರನ ಹೆಸರಿನ ಸುವಾರ್ತೆಯೊಂದನ್ನು ಓದಬಹುದೇ ಎಂದು ಕೇಳಿದರು. ಜಗಳವಾಗುವುದು ಬೇಡವೆಂದು ಅವನು, ಪುಸ್ತಕವನ್ನು ತೆರೆದೂ ನೋಡದೆ, ಓದಿಕೊಳ್ಳಿ ಎಂದ. ಆಮೇಲೆ ಅದರ ಪ್ರತಿ ತರಿಸಿಕೊಂಡು ಓದಿದ. ಬಹುಪಾಲು ಸರಿಯಾಗಿಯೇ ಇದೆ, ಕೆಲವು ಮಾತುಗಳು ಮಾತ್ರ ಸೇರಿಸಿದವು ಎಂದು ಕಂಡಿತು. ಯೇಸುವಿನ ದೇಹ, ಅವನು ಪಟ್ಟ ನೋವು ಬರೀ ತೋರಿಕೆ ಎನ್ನುವವರಿಗೆ ಅದರಲ್ಲಿ ಆಸರೆ ಸಿಗುತ್ತಿತ್ತು. ಅವನು ಮತ್ತೆ ಪತ್ರ ಬರೆದು ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡ, ನಾನು ಬೇಗ ಬರುತ್ತೇನೆ ಎಂದೂ ಹೇಳಿದ. ಈ ಪತ್ರದ ತುಣುಕು ಯೂಸೆಬಿಯುಸನ ಸಭಾಚರಿತ್ರೆಯಲ್ಲಿ ಉಳಿದಿದೆ. ಒಂದು ಪುಸ್ತಕದ ಭವಿಷ್ಯ ನಿರ್ಧಾರವಾದದ್ದು ಸಿಂಹಾಸನದ ಮೇಲಿಂದಲ್ಲ, ಪಕ್ಕದೂರಿನ ಜನರ ಮೇಲೆ ಅಕ್ಕರೆಯಿದ್ದ ಒಬ್ಬ ಹಿರಿಯನ ಎರಡನೆಯ ಓದಿನಿಂದ.

ಆ ಪೇತ್ರನ ಸುವಾರ್ತೆಯ ಒಂದು ಭಾಗ 1886–87ರ ಚಳಿಗಾಲದಲ್ಲಿ ಈಜಿಪ್ಟಿನ ಅಖ್ಮೀಮ್‌ನಲ್ಲಿ ಒಂದು ಗೋರಿಯಲ್ಲಿ ಸಿಕ್ಕಿತು. ಸಮಾಧಿಯಿಂದ ಮೂವರು ಹೊರಬರುತ್ತಾರೆ. ಇಬ್ಬರ ತಲೆ ಆಕಾಶ ಮುಟ್ಟುತ್ತದೆ, ಅವರು ಕೈಹಿಡಿದು ನಡೆಸುವವನ ತಲೆ ಆಕಾಶವನ್ನೂ ಮೀರುತ್ತದೆ. ಹಿಂದೆ ಶಿಲುಬೆ ತಾನೇ ನಡೆದು ಬರುತ್ತದೆ. ಮೇಲಿನಿಂದ ಕೇಳಿದ ಪ್ರಶ್ನೆಗೆ ಶಿಲುಬೆಯೇ ಉತ್ತರ ಕೊಡುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಖಾಲಿ ಸಮಾಧಿ ಕಂಡ ಹೆಂಗಸರು ನಡುಗುತ್ತ, ಯಾರಿಗೂ ಏನೂ ಹೇಳದೆ ಓಡಿಹೋಗುವುದನ್ನು ಓದಿದ ಮೇಲೆ ಈ ಭಾಗಕ್ಕೆ ಬಂದರೆ ವ್ಯತ್ಯಾಸ ಮನಸ್ಸಿಗೆ ಹತ್ತುತ್ತದೆ. ಮಾರ್ಕ ಹೇಳದೆ ಬಿಟ್ಟ ಜಾಗದಲ್ಲಿ ನಾವು ನಿಂತು ಬೆರಗಾಗುತ್ತೇವೆ. ಪೇತ್ರನ ಹೆಸರಿನ ಲೇಖಕ ಎಲ್ಲವನ್ನೂ ತೋರಿಸಿ ಬೆರಗನ್ನು ಮುಗಿಸಿಬಿಡುತ್ತಾನೆ. ಆಯ್ದವರ ಕಿವಿ ಬಹುಪಾಲು ಸೂಕ್ಷ್ಮವಾಗಿತ್ತು ಎಂದೇ ನನ್ನ ನಂಬಿಕೆ.

ಆದರೆ ಆಯ್ಕೆಯೆಲ್ಲ ಕಿವಿಯದಷ್ಟೇ ಆಗಿರಲಿಲ್ಲ. ಅಧಿಕಾರದ ಮಾತೂ ಇತ್ತು. ಸಣ್ಣ ಏಷ್ಯಾದಲ್ಲಿ ಒಬ್ಬ ಪಾದ್ರಿ ಪೌಲನ ಸಾಹಸಗಳನ್ನು ಬರೆದ. ಅದರಲ್ಲಿ ತೆಕ್ಲಾ ಎಂಬ ಹುಡುಗಿ ಮದುವೆಯನ್ನು ಬಿಟ್ಟು ಪೌಲನ ಹಿಂದೆ ಹೊರಡುತ್ತಾಳೆ, ಬೆಂಕಿಯಿಂದ ಪಾರಾಗುತ್ತಾಳೆ, ಮೃಗಗಳ ನಡುವೆ ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಳ್ಳುತ್ತಾಳೆ, ಕೊನೆಗೆ ಬೋಧಿಸುತ್ತಾಳೆ. ಅವಳನ್ನು ತೋರಿಸಿ ಹೆಂಗಸರು ನಾವೂ ಬೋಧಿಸಬಹುದು, ದೀಕ್ಷಾಸ್ನಾನ ಕೊಡಬಹುದು ಎಂದರು. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್‌ಗೆ ಇದು ಸರಿಬೀಳಲಿಲ್ಲ. ಆ ಪಾದ್ರಿ ತಪ್ಪೊಪ್ಪಿಕೊಂಡು ತನ್ನ ಸ್ಥಾನ ಬಿಡಬೇಕಾಯಿತು ಎಂದು ಅವನು ಬರೆಯುತ್ತಾನೆ. ಏಕೆ ಬರೆದೆ ಎಂದು ಕೇಳಿದ್ದಕ್ಕೆ, ಪೌಲನ ಮೇಲಿನ ಪ್ರೀತಿಯಿಂದ ಎಂದನಂತೆ. ಇಲ್ಲಿ ನನ್ನ ಮನಸ್ಸು ಪೂರ್ತಿ ಆ ಹೆಸರಿಲ್ಲದ ಪಾದ್ರಿಯ ಕಡೆಗಿದೆ. ತಾನು ಕಾಣದ ಗುರುವಿನ ಬಾಯಲ್ಲಿ ತಾನು ಕೇಳಬೇಕಿದ್ದ ಮಾತನ್ನು ಇಡುವುದು ಸುಳ್ಳೂ ಹೌದು, ಭಕ್ತಿಯೂ ಹೌದು. ಶರಣರ ಅಂಕಿತದಲ್ಲಿ ಆಮೇಲಿನವರು ಎಷ್ಟು ವಚನ ಕಟ್ಟಿದರೋ! ಹಸ್ತಪ್ರತಿಗಳನ್ನು ಹೋಲಿಸಿ, ಇದು ಬಸವಣ್ಣನವರದು, ಇದು ಆಮೇಲಿನ ಸೇರ್ಪಡೆ ಎಂದು ಬೇರ್ಪಡಿಸುವುದರಲ್ಲೇ ನಮ್ಮ ವಿದ್ವಾಂಸರ ಆಯಸ್ಸು ಸವೆಯಿತು. ಸೇರಿಸಿದವರೆಲ್ಲ ಮೋಸಗಾರರಾಗಿರಲಿಲ್ಲ.

ಇನ್ನು ಕೆಲವು ಪುಸ್ತಕಗಳು ಹೊರಗಾದದ್ದು ಬರೀ ವಯಸ್ಸಿನ ಕಾರಣಕ್ಕೆ. ಒಮ್ಮೆ ದಾಸನಾಗಿದ್ದ ಹೆರ್ಮಾಸ್ ಎಂಬಾತ ರೋಮಿನಲ್ಲಿ ಬರೆದ ದರ್ಶನಗಳ ಪುಸ್ತಕದಲ್ಲಿ ಸಭೆಯೇ ಒಬ್ಬ ಮುದುಕಿಯಾಗಿ ಬರುತ್ತಾಳೆ, ದರ್ಶನದಿಂದ ದರ್ಶನಕ್ಕೆ ಚಿಕ್ಕವಳಾಗುತ್ತ ಹೋಗುತ್ತಾಳೆ. ಜನ ಅದನ್ನು ಹಚ್ಚಿಕೊಂಡಿದ್ದರು. ನಾಲ್ಕನೆಯ ಶತಮಾನದ, ಸಿನಾಯಿ ಬೆಟ್ಟದ ಮಠದಲ್ಲಿ ಉಳಿದ ಮಹಾ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಕೊನೆಗೆ ಅದೂ ಇದೆ. ಆದರೆ ಮುರಟೋರಿ ಎಂಬ ವಿದ್ವಾಂಸ 1740ರಲ್ಲಿ ಅಚ್ಚು ಮಾಡಿಸಿದ ಹಳೆಯ ಪಟ್ಟಿಯೊಂದು ಹೇಳುತ್ತದೆ: ಇದು ಮೊನ್ನೆ ಮೊನ್ನೆ, ನಮ್ಮ ಕಾಲದಲ್ಲೇ ಬರೆದದ್ದು, ಮನೆಯಲ್ಲಿ ಓದಿಕೊಳ್ಳಿ, ಸಭೆಯಲ್ಲಿ ಬೇಡ. ಮನೆಯ ಓದು, ಸಭೆಯ ಓದು ಎಂಬ ಈ ಭೇದ ನನಗೆ ಬಹಳ ಮುಖ್ಯವೆನಿಸುತ್ತದೆ. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯುಸ್ ಈಸ್ಟರ್ ಪತ್ರದಲ್ಲಿ, ಇಂದು ಎಲ್ಲರೂ ಬಲ್ಲ 27 ಪುಸ್ತಕಗಳ ಹೊಸ ಒಡಂಬಡಿಕೆಯನ್ನು ಮೊದಲ ಸಲ ಅಷ್ಟಕ್ಕಷ್ಟೇ ಪಟ್ಟಿ ಮಾಡಿದಾಗಲೂ, ಹೊಸದಾಗಿ ಧರ್ಮಕ್ಕೆ ಬರುವವರು ಓದಿಕೊಳ್ಳಲೆಂದು ಹೆರ್ಮಾಸನನ್ನು ಹೊಸ್ತಿಲಲ್ಲಿ ಉಳಿಸಿದ. ಉಳಿದವನ್ನು ಮಾತ್ರ ಕಟುವಾಗಿ ತಳ್ಳಿದ.

ಪಟ್ಟಿ ಮುಗಿಯಿತೇ? ಇಲ್ಲ. ಕನ್ನಡದಲ್ಲೇ ಇವತ್ತು ಎರಡು ಬೈಬಲುಗಳಿವೆ. ಪ್ರಾಟೆಸ್ಟೆಂಟ್ ಮನೆಯ ಸತ್ಯವೇದದಲ್ಲಿ 66 ಪುಸ್ತಕ. ಕಥೋಲಿಕರ ಶ್ರೀಗ್ರಂಥದಲ್ಲಿ 73. ತೋಬಿತ, ಯೂದಿತ, ಸಿರಾಖ, ಬಾರೂಕ, ಸೊಲೊಮೋನನ ಹೆಸರಿನ ಜ್ಞಾನಗ್ರಂಥ, ಮಕ್ಕಬಿಯರ ಎರಡು ಚರಿತ್ರೆಗಳು ಒಂದರಲ್ಲಿವೆ, ಇನ್ನೊಂದರಲ್ಲಿಲ್ಲ. ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿದ್ದು ಹೀಬ್ರೂ ಸಂಗ್ರಹದಲ್ಲಿಲ್ಲದ ಇವನ್ನು ಮಾರ್ಟಿನ್ ಲೂಥರ್ 1534ರ ತನ್ನ ಬೈಬಲಿನಲ್ಲಿ ಬೇರೆಯಾಗಿ ಇಟ್ಟ. 1546ರಲ್ಲಿ ಟ್ರೆಂಟ್ ಸಭೆ ಇವು ಶಾಸ್ತ್ರವೇ ಎಂದು ಸಾರಿತು. ಲಂಡನ್ನಿನ ಬೈಬಲ್ ಸೊಸೈಟಿ 1826ರಲ್ಲಿ, ಈ ಪುಸ್ತಕಗಳನ್ನು ಅಚ್ಚು ಮಾಡಲು ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ ಪೂರ್ತಿಯಾಗಿ ಅಚ್ಚಾದದ್ದು ಅದಾಗಿ ಐದಾರು ವರ್ಷಕ್ಕೆ. ಅಕ್ಕಪಕ್ಕದ ಎರಡು ಮನೆಗಳಲ್ಲಿ ದೇವರ ವಾಕ್ಯದ ಗಾತ್ರ ಬೇರೆಬೇರೆ. ಎರಡು ಮನೆಯವರೂ ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಅವರ ಮುಖದಲ್ಲಿ ನಾನು ಭೇದ ಕಂಡಿಲ್ಲ.

66 ಪುಸ್ತಕಗಳ ಬೈಬಲಿನೊಳಗೂ ಹೊರಗಿನದೊಂದು ಉಳಿದುಬಿಟ್ಟಿದೆ. ಯೂದನ ಪತ್ರದ 14ನೇ ವಚನವನ್ನು ತೆರೆಯಿರಿ: ಆದಾಮನಿಂದ ಏಳನೆಯವನಾದ ಹನೋಕನ ಪ್ರವಾದನೆ ಅಲ್ಲಿದೆ. ಅದು ಹನೋಕನ ಪುಸ್ತಕದ್ದು. ಆ ಪುಸ್ತಕ ಯೂರೋಪಿನ ಯಾವ ಬೈಬಲಿನಲ್ಲೂ ಇಲ್ಲ, ಇಥಿಯೋಪಿಯಾದ ಸಭೆಯ ಬೈಬಲಿನಲ್ಲಿದೆ. ಸಾವಿರಕ್ಕೂ ಹೆಚ್ಚು ವರ್ಷ ಗೀಜ್ ಭಾಷೆಯಲ್ಲಿ ಅದನ್ನು ಪ್ರತಿ ಮಾಡುತ್ತ ಬಂದವರು ಅಲ್ಲಿನ ಸಂನ್ಯಾಸಿಗಳು. 1773ರಲ್ಲಿ ಜೇಮ್ಸ್ ಬ್ರೂಸ್ ಎಂಬ ಪ್ರವಾಸಿ ಅದರ ಪ್ರತಿಗಳನ್ನು ಹೊತ್ತು ತಂದ ಮೇಲೆ ಯೂರೋಪು ಕಣ್ಣರಳಿಸಿತು.

ಹೊರಗಾದದ್ದರ ಪೈಕಿ ಕೆಲವನ್ನು ಕಾಪಾಡಿದ್ದು ಮರಳು. 1897ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಹಳೆಯ ಊರಿನ ತಿಪ್ಪೆಗಳನ್ನು ಅಗೆದಾಗ ಯೇಸುವಿನ ಕೆಲವು ಮಾತುಗಳಿರುವ ಪಪೈರಸ್ ಚೂರು ಸಿಕ್ಕಿತು. 1945ರ ಡಿಸೆಂಬರಿನಲ್ಲಿ ನಾಗ್ ಹಮ್ಮಾದಿಯ ಹತ್ತಿರ ಗೊಬ್ಬರದ ಮಣ್ಣು ಅಗೆಯಲು ಹೋದ ರೈತರಿಗೆ ಮಣ್ಣಿನ ಗುಡಾಣವೊಂದು ಸಿಕ್ಕಿತು ಎನ್ನುತ್ತಾರೆ. ಅದರೊಳಗೆ ತೊಗಲಿನ ರಟ್ಟಿನ ಹಳೆಯ ಪುಸ್ತಕಗಳು, ಒಟ್ಟು 13 ಕಟ್ಟು. ಆಕ್ಸಿರಿಂಕಸ್‌ನ ಚೂರು ಯಾವ ಪುಸ್ತಕದ್ದೆಂದು ಆಗ ತಿಳಿಯಿತು: ತೋಮನ ಸುವಾರ್ತೆ. ಅಥನಾಸಿಯುಸನ ಪತ್ರ ಬಂದ ಮೇಲೆ ಹತ್ತಿರದ ಮಠದವರು ಸುಡಲು ಮನಸ್ಸು ಬಾರದೆ ಹೂತಿಟ್ಟರೇನೋ ಎಂದು ಕೆಲವು ವಿದ್ವಾಂಸರ ಊಹೆ. ಊಹೆಯೇ ಆದರೂ ಆ ಕೈಗಳನ್ನು ನೆನೆಯದೆ ನನಗೆ ಆ ಪುಸ್ತಕವನ್ನು ಓದಲಾಗುವುದಿಲ್ಲ. ಮಠದಲ್ಲಿ ಪ್ರತಿ ಮಾಡುತ್ತ ಉಳಿಸಿಕೊಂಡ ಪುಸ್ತಕಗಳು ತಿದ್ದುಪಡಿ ಕಾಣುತ್ತ ಬಂದವು. ತಿಪ್ಪೆಗೆ ಬಿದ್ದದ್ದು, ಹೂತಿಟ್ಟದ್ದು ಬರೆದ ದಿನದ ಹಾಗೆಯೇ ಉಳಿಯಿತು.

ಈ ಭಾಗ್ಯ ನಮ್ಮ ನೆಲಕ್ಕಿಲ್ಲ. ನಾನಿರುವುದು ಮೈಸೂರಿನ ಹಿನಕಲ್‌ನಲ್ಲಿ. ಹುಣಸೂರು ರಸ್ತೆ ರಿಂಗ್ ರಸ್ತೆಯನ್ನು ಸಂಧಿಸುವ ಕಡೆ ಮೇಲ್ಸೇತುವೆಯ ಸದ್ದು ಇರುಳಿಡೀ ಇರುತ್ತದೆ. ಒಳಗೆ ಹಳೆಯ ಊರು, ನನ್ನೇಶ್ವರನ ಕಲ್ಲುಗುಡಿ. ನಗರದ ಕಡೆ ಹೊರಟರೆ ಭಾರತೀಯ ಭಾಷಾ ಸಂಸ್ಥಾನ, ಮಾನಸಗಂಗೋತ್ರಿ. ಇನ್ನೂ ಮುಂದೆ ಹೋದರೆ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಇಲ್ಲಿ ಮಳೆ ಬರುತ್ತದೆ, ಗೆದ್ದಲು ಏಳುತ್ತದೆ. ಓಲೆಗರಿ ಎಷ್ಟು ಜೋಪಾನ ಮಾಡಿದರೂ ಕೆಲವು ಶತಮಾನ ಬಾಳೀತು, ಅಷ್ಟರಲ್ಲಿ ಯಾರಾದರೂ ಕೂತು ಪ್ರತಿ ಮಾಡಬೇಕು. ಪ್ರತಿ ಮಾಡುವವರಿಗೆ ಬೇಡವಾದರೆ ಅದು ಹೋಯಿತು, ಯಾರೂ ಬಹಿಷ್ಕರಿಸಬೇಕಾಗಿಲ್ಲ. ಕವಿರಾಜಮಾರ್ಗ ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯದ ಒಂದು ಪುಸ್ತಕವೂ ನಮಗೆ ಉಳಿದಿಲ್ಲ. ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ರನ್ನನ ಪರಶುರಾಮಚರಿತ ಇಲ್ಲ. ಇವನ್ನು ಯಾವ ಸಭೆಯೂ ತಿರಸ್ಕರಿಸಲಿಲ್ಲ, ಪಟ್ಟಿಯಿಂದ ಯಾರೂ ಹೊಡೆದುಹಾಕಲಿಲ್ಲ. ಒಂದು ತಲೆಮಾರು ಬರೆದುಕೊಳ್ಳಲಿಲ್ಲ, ಅಷ್ಟೇ.

ಹಾಗಿರುವಾಗಲೂ ಒಮ್ಮೊಮ್ಮೆ ಪವಾಡ ನಡೆಯುತ್ತದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಲೈಬ್ರರಿಗೆ ಕೊಟ್ಟ ಓಲೆಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು 1905ರ ಸುಮಾರಿಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅಚ್ಚು ಮಾಡಿದರು. ಅದುವರೆಗೆ ಆ ಗ್ರಂಥವನ್ನು ಬೇರೆಯವರ ಉಲ್ಲೇಖಗಳಲ್ಲಷ್ಟೇ ಜನ ಬಲ್ಲವರಾಗಿದ್ದರು. ನಮಗೂ ಒಂದು ನಾಗ್ ಹಮ್ಮಾದಿ ಇದ್ದರೆ ಅದು ಮೈಸೂರಿನ ಆ ಕಟ್ಟಡ. ಮರಳಿಲ್ಲದ ಕಡೆ ಮರಳಿನ ಕೆಲಸವನ್ನು ಹೆಸರು ಉಳಿಯದ ಲಿಪಿಕಾರರು ಮಾಡಿದ್ದರು.

ತೋಮನ ಸುವಾರ್ತೆಯನ್ನು ಓದುವಾಗ ಕನ್ನಡಿಗನಿಗೆ ಒಂದು ಅನುಕೂಲವಿದೆ. ಅದರಲ್ಲಿ ಕತೆಯೇ ಇಲ್ಲ. ಹುಟ್ಟಿಲ್ಲ, ಶಿಲುಬೆಯಿಲ್ಲ, ಪುನರುತ್ಥಾನವಿಲ್ಲ. ಇರುವುದು 114 ಮಾತುಗಳು, ಒಂದರ ಕೆಳಗೊಂದು. ಯೇಸು ಹೇಳಿದ ಎಂಬುದಷ್ಟೇ ಅವಕ್ಕೆ ಹಿಡಿಕೆ. ಪಶ್ಚಿಮದ ಓದುಗರು ಇದೆಂಥ ಸುವಾರ್ತೆ ಎಂದು ಕಕ್ಕಾಬಿಕ್ಕಿಯಾದರು. ನಮಗೆ ಹಾಗಾಗುವುದಿಲ್ಲ. ಅಲ್ಲಮನ ವಚನಗಳೂ ಅಕ್ಕನ ವಚನಗಳೂ ನಮ್ಮ ಕೈಗೆ ಬಂದದ್ದು ಹೀಗೆ ಬಿಡಿಬಿಡಿಯಾಗಿಯೇ. ಯಾರು, ಯಾವಾಗ, ಯಾರಿಗೆ ಹೇಳಿದರೆಂದು ವಚನ ಹೇಳುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಆ ಬಿಡಿ ಮಾತುಗಳನ್ನು ಅಲ್ಲಮನ ಸುತ್ತ ನಡೆದ ಒಂದು ದೊಡ್ಡ ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆ ಮಾಡಿದ. ಬಿಡಿ ಮಾತಿಗೆ ಆಡಿದವರು, ಕೇಳಿದವರು, ಸಂದರ್ಭ ಬಂದವು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಇಲ್ಲವೇ ಎಂಬ ವಿಷಯದಲ್ಲಿ ಈ ಪರಿಷ್ಕರಣಗಳೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಮತ್ತಾಯನೂ ಲೂಕನೂ ಯೇಸುವಿನ ಮಾತುಗಳ ಹಳೆಯ ಸಂಗ್ರಹವೊಂದನ್ನು ಎದುರಿಗಿಟ್ಟುಕೊಂಡು ತಮ್ಮ ತಮ್ಮ ಕಥನದಲ್ಲಿ ಹೊಂದಿಸಿದರೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ಹಾಗಾದರೆ ಅವರು ಮಾಡಿದ್ದೂ ಸಂಪಾದನೆಯೇ. ತೋಮ ಬಿಡಿ ವಚನಗಳಲ್ಲಿ ನಿಂತ. ಕತೆ ಬೇಕಿದ್ದ ಸಭೆ ಮತ್ತಾಯ, ಲೂಕರನ್ನು ಹಿಡಿದುಕೊಂಡಿತು.

ಅಲ್ಲಮನದೇ ಕತೆಯಲ್ಲಿ ನಮ್ಮವರು ಇನ್ನೂ ಉದಾರವಾಗಿ ನಡೆದುಕೊಂಡರು. ಹರಿಹರನ ರಗಳೆಯ ಅಲ್ಲಮ ಕಮಲತೆಯನ್ನು ಪ್ರೀತಿಸಿದವನು. ಅವಳು ಜ್ವರದಲ್ಲಿ ತೀರಿಕೊಂಡಾಗ ದಿಕ್ಕುಗೆಟ್ಟು ಅಲೆದವನು. ಹಾಗೆ ಒಂದು ತೋಪಿನಲ್ಲಿ ಕೂತು ಕಾಲುಗುರಿನಿಂದ ನೆಲ ಕೆದಕುತ್ತಿದ್ದಾಗ ಮಣ್ಣೊಳಗೆ ಗುಡಿಯ ಕಳಶ ಕಂಡಿತು. ಅಗೆಸಿ ಒಳಗೆ ಹೋದರೆ ಕೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷಯ್ಯ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮ ಮಾಯೆಯ ಸೋಂಕೇ ಇಲ್ಲದವನು. ಭಕ್ತರ ಮನಸ್ಸು ಹೆಚ್ಚಾಗಿ ಚಾಮರಸನ ಕಡೆಗೆ ವಾಲಿತು, ಅದು ಸಹಜ. ಆದರೆ ಹರಿಹರನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಅತ್ತ ಅವನೂ ಇದ್ದಾನೆ, ಇತ್ತ ಇವನೂ ಇದ್ದಾನೆ. ಕನ್ನಡದ ಓದುಗನಾಗಿ ನನಗೆ ಇದರ ಬಗ್ಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಹೊರಗಾದ ಪುಸ್ತಕಗಳಲ್ಲಿ ನಮಗೆ ಅತಿ ಹತ್ತಿರದ್ದು ತೋಮನ ಹೆಸರಿನ ಇನ್ನೊಂದು, ತೋಮನ ಕೃತ್ಯಗಳು. ಮೂರನೆಯ ಶತಮಾನದ ಮೊದಲಿಗೆ ಎಡೆಸ್ಸಾದಲ್ಲಿ ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ ಕೃತಿ. ಶಿಷ್ಯರೆಲ್ಲ ಚೀಟಿ ಹಾಕಿ ಲೋಕವನ್ನು ಹಂಚಿಕೊಂಡಾಗ ಇಂಡಿಯಾ ತೋಮನ ಪಾಲಿಗೆ ಬಂತು. ಅವನು ಹೋಗಲಾರೆ ಎಂದ. ಆಗ ಯೇಸುವೇ ಅವನನ್ನು ಹಬ್ಬಾನ್ ಎಂಬ ವ್ಯಾಪಾರಿಗೆ ಬಡಗಿ ಆಳೆಂದು ಮಾರಿಬಿಟ್ಟ. ಗುಂಡಫರ ರಾಜ ಅರಮನೆ ಕಟ್ಟಲು ಕೊಟ್ಟ ಹೊನ್ನನ್ನೆಲ್ಲ ತೋಮ ಬಡವರಿಗೆ ಹಂಚಿದ. ಅರಮನೆ ಎಲ್ಲಿ ಎಂದು ರಾಜ ಕೇಳಿದರೆ, ಸ್ವರ್ಗದಲ್ಲಿ ಎದ್ದಿದೆ, ಸತ್ತ ಮೇಲೆ ಕಾಣುವಿರಿ ಎಂದ. ರಾಜ ಅವನನ್ನು ಸೆರೆಗೆ ಹಾಕಿದ. ಅದೇ ಇರುಳು ಸತ್ತ ರಾಜನ ತಮ್ಮ ಮೇಲೆ ಹೋಗಿ ಆ ಅರಮನೆ ಕಂಡು, ಅದನ್ನು ಅಣ್ಣನಿಂದ ಕೊಳ್ಳಲೆಂದು ಮರಳಿ ಬದುಕಿ ಬಂದ.

ಬಹುಕಾಲ ಇದು ಬರೀ ಕಟ್ಟುಕತೆ ಎಂದೇ ಪಂಡಿತರು ತಿಳಿದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಜಾಬ್, ಆಫ್ಘಾನಿಸ್ತಾನದ ಕಡೆ ಗುಂಡಫರನ, ಅಂದರೆ ಗೊಂಡೊಫರಸನ, ನಾಣ್ಯಗಳು ಸಿಕ್ಕವು. ತಖ್ತ್-ಇ-ಬಾಹಿಯಲ್ಲಿ ಶಾಸನ ಸಿಕ್ಕಿತು. ಒಂದನೆಯ ಶತಮಾನದಲ್ಲಿ ಆ ಹೆಸರಿನ ರಾಜ ನಿಜವಾಗಿ ಆಳಿದ್ದ. ಕತೆ ನಿಜವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ನಮ್ಮ ಚರಿತ್ರೆಯೇ ಮರೆತ ಅರಸನ ಹೆಸರನ್ನು ಸಭೆ ಹೊರಗಿಟ್ಟ ಪುಸ್ತಕವೊಂದು 1600 ವರ್ಷ ಮರೆಯದೆ ಇಟ್ಟುಕೊಂಡಿತ್ತಲ್ಲ!

ತೋಮನನ್ನು ತಮ್ಮ ಮೂಲಪುರುಷನೆಂದು ನಂಬುವ ಕೇರಳದ ಸಿರಿಯನ್ ಕ್ರೈಸ್ತರು ವಯನಾಡು ಇಳಿದು ಮೈಸೂರಿಗೂ ಬಂದು ನೆಲೆಸಿದ್ದಾರೆ. ಅವರ ಪೂರ್ವಜರ ಸಿರಿಯಾಕ್ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇದ್ದದ್ದು 27 ಅಲ್ಲ, 22 ಪುಸ್ತಕ. ಪ್ರಕಟನೆಯಾಗಲಿ, ಯೂದನ ಪತ್ರವಾಗಲಿ, ಪೇತ್ರನ ಎರಡನೆಯ ಪತ್ರವಾಗಲಿ, ಯೋಹಾನನ ಕೊನೆಯ ಎರಡು ಪತ್ರಗಳಾಗಲಿ ಅದರಲ್ಲಿರಲಿಲ್ಲ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಕೊಚ್ಚಿಯ ಹತ್ತಿರದ ಉದಯಂಪೇರೂರಿನಲ್ಲಿ ಸಭೆ ಕರೆದು, ಇಲ್ಲದವನ್ನು ಸೇರಿಸಿಕೊಳ್ಳಲು ಆಜ್ಞೆ ಮಾಡಿದ. ಅದೇ ಸಭೆ, ಇಟ್ಟುಕೊಳ್ಳಬಾರದ ಸಿರಿಯಾಕ್ ಪುಸ್ತಕಗಳ ಪಟ್ಟಿಯನ್ನೂ ಹೊರಡಿಸಿತು. ಯೇಸುವಿನ ಬಾಲ್ಯ ಮತ್ತು ಮರಿಯಮ್ಮನ ಚರಿತ್ರೆಯ ಪುಸ್ತಕ ಆ ಪಟ್ಟಿಯಲ್ಲಿತ್ತು. ಎಷ್ಟೋ ಹಸ್ತಪ್ರತಿಗಳು ಬೆಂಕಿಗೆ ಹೋದವು. ಇದನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಹಳತಾಗುವುದಿಲ್ಲ. ರೋಸಸ್ಸಿನ ಜನಕ್ಕೆ ಪತ್ರ ಬರೆದ ಸೆರಾಪಿಯೊನನಿಗೂ ಮೆನೆಜಿಸನಿಗೂ ನಡುವೆ 1400 ವರ್ಷ. ಅಷ್ಟರಲ್ಲಿ ಓದಬೇಡಿ ಎಂಬ ಮಾತು ಸುಟ್ಟುಬಿಡಿ ಎಂದಾಗಿತ್ತು. ಸುಟ್ಟದ್ದನ್ನು ಮರಳಿ ಕೊಡಲು ಕೇರಳದಲ್ಲಿ ಮರುಭೂಮಿಯಿರಲಿಲ್ಲ.

ಬಾಲ ಯೇಸುವಿನ ಕತೆಗಳಲ್ಲಿ ಒಂದಂತೂ ಯಾವ ಬೆಂಕಿಗೂ ಸಿಗಲಿಲ್ಲ. ಐದು ವರ್ಷದ ಹುಡುಗ ಸಬ್ಬತ್ ದಿನ ಹಳ್ಳದ ಕೆಸರಿನಲ್ಲಿ 12 ಗುಬ್ಬಿ ಮಾಡುತ್ತಾನೆ. ವಿಶ್ರಾಂತಿಯ ದಿನ ಕೆಲಸ ಮಾಡಿದನೆಂದು ದೂರು ಹೋಗುತ್ತದೆ. ಅವನು ಚಪ್ಪಾಳೆ ತಟ್ಟಿದಾಗ ಗುಬ್ಬಿಗಳು ಚಿಲಿಪಿಲಿಗುಟ್ಟುತ್ತ ಹಾರಿಹೋಗುತ್ತವೆ. ಈ ಕತೆಯಿರುವ ಪುಸ್ತಕದಲ್ಲೇ ಆ ಹುಡುಗನ ಶಾಪಕ್ಕೆ ಓರಗೆಯ ಮಕ್ಕಳು ಸಾಯುತ್ತಾರೆ, ಹಾಗಾಗಿ ಸಭೆ ಅದನ್ನು ದೂರವಿಟ್ಟದ್ದು ನನಗೆ ಅರ್ಥವಾಗುತ್ತದೆ. ಗುಬ್ಬಿಗಳು ಮಾತ್ರ ಉಳಿದವು. ಈಸಾ ಮಣ್ಣಿನ ಹಕ್ಕಿಗೆ ಉಸಿರೂದಿದ ಮಾತು ಖುರಾನಿನಲ್ಲಿ ಎರಡು ಕಡೆ ಬರುತ್ತದೆ. ಒಂದು ಶಾಸ್ತ್ರದೊಳಗೆ ಜಾಗ ಸಿಗದ ಹಕ್ಕಿ ಇನ್ನೊಂದರೊಳಗೆ ಹಾರುತ್ತಿದೆ.

ಪುಸ್ತಕವಷ್ಟೇ ಅಲ್ಲ, ಸಂತರೂ ಪಟ್ಟಿಯಿಂದ ಹೋಗುತ್ತಾರೆ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಯಲ್ಲಿ ಎಳೆಯ ಹುಡುಗಿಯೊಬ್ಬಳ ಎಲುಬುಗಳು ಸಿಕ್ಕವು. ಗೋರಿಯ ಬಾಯಿ ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹೆಂಚುಗಳ ಮೇಲೆ ಬರಹವಿತ್ತು. ಇದ್ದ ಹಾಗೆ ಓದಿದರೆ ಅರ್ಥವಾಗದು. ಮೊದಲ ಹೆಂಚನ್ನು ಕೊನೆಗಿಟ್ಟು ಓದಿದರೆ, ಫಿಲುಮೆನಾ, ನಿನಗೆ ಶಾಂತಿ ಎಂದಾಯಿತು. ಅಷ್ಟರಿಂದ ಒಬ್ಬ ಹುತಾತ್ಮ ಸಂತಳು ಲೋಕಕ್ಕೆ ಬಂದಳು. ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚು ಅವಳದೇ. ಅವಳ ಅವಶೇಷದ ಒಂದು ತುಣುಕನ್ನು ಮೈಸೂರಿಗೆ ತರಿಸಿದವರು ಮಹಾರಾಜರ ಕಾರ್ಯದರ್ಶಿ ತಂಬುಚೆಟ್ಟಿ. ಆ ಹೆಂಚುಗಳು ಬೇರೆ ಯಾರದೋ ಗೋರಿಯವು, ಎರಡನೆಯ ಸಲ ಬಳಸುವಾಗ ಅದು ತಿಳಿಯಲೆಂದೇ ಕ್ರಮ ಬದಲಿಸಿ ಇಟ್ಟಿದ್ದರು ಎಂದು ಪುರಾತತ್ವಜ್ಞ ಒರಾಜಿಯೊ ಮರುಕ್ಕಿ ವಾದಿಸಿದ. 1961ರಲ್ಲಿ ರೋಮ್ ಅವಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಿತು.

ಮೈಸೂರು ತನ್ನ ಚರ್ಚಿನ ಹೆಸರು ಬದಲಿಸಲಿಲ್ಲ. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಮಲಗಿರುವ ಅವಳ ಪ್ರತಿಮೆಯ ಮುಂದೆ ಎಲ್ಲ ಜಾತಿಮತದವರೂ ನಿಲ್ಲುತ್ತಾರೆ. 1946ರಲ್ಲಿ ಶುರುವಾದ ಫಿಲೋಮಿನಾ ಕಾಲೇಜಿಗೆ ಹಿನಕಲ್, ಹೂಟಗಳ್ಳಿ ಕಡೆಯ ಮಕ್ಕಳೂ ಬಸ್ಸು ಹತ್ತಿ ಹೋಗುತ್ತಾರೆ. ಓದಿದ್ದು ಎಲ್ಲಿ ಎಂದು ಕೇಳಿದರೆ ಫಿಲೋಮಿನಾದಲ್ಲಿ ಎನ್ನುತ್ತಾರೆ. ಮೂರು ಹೆಂಚುಗಳ ಮೇಲಿನ ಆ ಹೆಸರನ್ನು ರೋಮಿನ ಯಾವ ಪಂಚಾಂಗಕ್ಕಿಂತ ಹೆಚ್ಚು ಸಲ ಉಚ್ಚರಿಸಿದವರು ಮೈಸೂರಿನ ಬಸ್ ಕಂಡಕ್ಟರುಗಳೇ ಇರಬೇಕು.